ಊದುಗೊಳವೆಯ ಕಾರು

ನಾಲ್ಕು ಜನ ಗಂಡಸರು ಸೇರಿದ ಕಡೆ ಕಾರಿನ ಮಾತು ಬಂತೆಂದರೆ, ಹೆಂಗಸರು ಮೆಲ್ಲಗೆ ಎದ್ದು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುವುದು ನಮ್ಮ ಕಡೆಯ ಪದ್ಧತಿ. ಬಣ್ಣ ಯಾವುದು ಎಂದು ಮಾತ್ರ ನಮ್ಮನ್ನು ಕೇಳುತ್ತಾರೆ. ಸೀರೆಯಂತೆ ಕಾರಿಗೂ ಬಣ್ಣವೊಂದೇ ಮುಖ್ಯ, ಅದನ್ನು ಬಿಟ್ಟರೆ ಹೆಂಗಸಿಗೆ ಇನ್ನೇನು ತಿಳಿದೀತು ಎಂಬ ಔದಾರ್ಯ ಅದರಲ್ಲಿರುತ್ತದೆ. ಆದರೆ ಒಂದು ಮಾತು. ಒಲೆಯ ಮುಂದೆ ಕೂತು ಬೆಂಕಿಯನ್ನು ಊದಿ ಎಬ್ಬಿಸಿದವರಿಗೆ ಎಂಜಿನ್ ಎಂಬ ವಸ್ತು ಅಷ್ಟೇನೂ ಪರಕೀಯವಲ್ಲ. ಇದನ್ನು ನಾನು ಐವತ್ತೈದನೆಯ ವಯಸ್ಸಿನಲ್ಲಿ, ಕಾರು ಕೊಳ್ಳಲು ಹೊರಟಾಗ ತಿಳಿದುಕೊಂಡೆ.

ನಾನು ಬಿ.ಎ., ಬಿ.ಎಡ್. ಮಾಡಿದವಳು. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಪಾಣಿಪತ್ ಯುದ್ಧಗಳ ಇಸವಿ ಕೇಳಿದರೆ ನಿದ್ದೆಗಣ್ಣಿನಲ್ಲೂ ಹೇಳಿಯೇನು. ಎಂಜಿನ್ ನನ್ನ ವಿಷಯವಲ್ಲ. ನಲವತ್ತು ದಾಟಿದ ಮೇಲೆ ಕಾರು ಕಲಿತದ್ದು, ಅದೂ ಶಾಲೆಗೆ ಹೋಗಿಬರಲಿಕ್ಕೆ. ಮನೆಯ ದೂರದ ಓಡಾಟವೆಲ್ಲ ಯಜಮಾನರದೇ ಆಗಿತ್ತು. ಅವರಿಗೆ ಕಣ್ಣಿನ ನರದ ತೊಂದರೆ ಕಾಣಿಸಿಕೊಂಡು, ರಾತ್ರಿ ಗಾಡಿ ಓಡಿಸಕೂಡದು ಎಂದು ವೈದ್ಯರು ಹೇಳಿದ ದಿನ ಕಾರಿನ ಬೀಗದ ಕೈ ಗೋಡೆಯ ಮೊಳೆಯಿಂದ ನನ್ನ ಕೈಚೀಲಕ್ಕೆ ಬಂತು. ಅದೇ ವರ್ಷ ಅಮ್ಮನ ಉಸಿರಾಟದ ತೊಂದರೆಯೂ ಹೆಚ್ಚಾಯಿತು. ನಾವಿರುವುದು ತೀರ್ಥಹಳ್ಳಿಯ ಕಡೆ. ದೊಡ್ಡ ವೈದ್ಯರನ್ನು ನೋಡಬೇಕೆಂದರೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಬೇಕು. ಘಾಟಿಯಲ್ಲಿ ಹದಿನಾಲ್ಕು ಹಿಮ್ಮುರಿ ತಿರುವುಗಳು. ಇಳಿಯುವುದು ಒಂದು ಕಷ್ಟವಾದರೆ, ಸಂಜೆಯ ಮಂಜಿನಲ್ಲಿ ಹತ್ತುವುದು ಇನ್ನೊಂದು.

ನಮ್ಮ ಹಳೆಯ ಕಾರಿಗೆ ಆಗ ಹದಿನಾಲ್ಕು ವರ್ಷ. ಒಂದು ಆಷಾಢದ ಸಂಜೆ ಅಮ್ಮ, ಯಜಮಾನರು, ತಂಗಿ, ಆಸ್ಪತ್ರೆಯ ಗಂಟು ಮೂಟೆ, ಜೊತೆಗೊಂದು ಆಮ್ಲಜನಕದ ಸಿಲಿಂಡರ್, ಇಷ್ಟನ್ನೂ ಹೇರಿಕೊಂಡು ಸೋಮೇಶ್ವರದಿಂದ ಮೇಲೆ ಹತ್ತುವಾಗ ಏಳನೆಯದೋ ಎಂಟನೆಯದೋ ತಿರುವಿನಲ್ಲಿ ಅದು ನಿಂತೇಬಿಟ್ಟಿತು. ಹಿಂದೆ ಬಸ್ಸು, ಎಡಕ್ಕೆ ಪ್ರಪಾತ. ಮೊದಲ ಗೇರಿಗೆ ಹಾಕಿ, ಹ್ಯಾಂಡ್ ಬ್ರೇಕ್ ಬಿಡುತ್ತ, ದೇವರ ಹೆಸರು ಹೇಳುತ್ತ ಹತ್ತಿಸಿದೆ. ಹಿಂದಿನ ಸೀಟಿನಲ್ಲಿ ಅಮ್ಮ ಒಂದೊಂದೇ ಉಸಿರನ್ನು ಎಣಿಸಿದಂತೆ ಎಳೆದುಕೊಳ್ಳುತ್ತಿದ್ದಳು. ಕಾರಿನದೂ ಅದೇ ಸ್ಥಿತಿ. ಮನೆ ಮುಟ್ಟಿದ ಮೇಲೆ ಯಜಮಾನರು, “ಇನ್ನು ಹೊಸದು ತಗೊಳ್ಳಲೇಬೇಕು. ನೀನೇ ನೋಡಿ ತಗೋ. ಓಡಿಸುವವಳು ನೀನು,” ಎಂದರು. ಮೂವತ್ತು ವರ್ಷದ ಸಂಸಾರದಲ್ಲಿ ಈ ಮಾತನ್ನು ನಾನು ಮೊದಲ ಸಲ ಕೇಳಿದ್ದು.

ಅಂಗಡಿಗೆ ಹೋದೆವು. ಮಾರಾಟದ ಹುಡುಗ ಸಂಭಾವಿತ, ಆದರೆ ಅವನ ಕಣ್ಣು ಮಾತ್ರ ಯಜಮಾನರ ಮುಖವನ್ನು ಬಿಟ್ಟು ಕದಲಲಿಲ್ಲ. ಪ್ರಶ್ನೆ ಕೇಳಿದವಳು ನಾನು, ಉತ್ತರ ಹೋಗುತ್ತಿದ್ದುದು ಅವರಿಗೆ. ಅವನು ಹೇಳಿದ್ದಿಷ್ಟು: ಒಂದೇ ಕಾರು, ಒಂದೇ ಮೈಕಟ್ಟು, ಆದರೆ ಎಂಜಿನ್ ಎರಡು ಬಗೆ. ಒಂದು ಟರ್ಬೊ, ಇನ್ನೊಂದು ‘ನ್ಯಾಚುರಲ್’. ಟರ್ಬೊಗೆ ಒಂದು ಲಕ್ಷಕ್ಕೂ ಹೆಚ್ಚು ಜಾಸ್ತಿ. “ಘಾಟಿ ಹತ್ತುವವರಿಗೆ ಟರ್ಬೊನೇ ಸಾರ್, ಹಾರಿಕೊಂಡು ಹೋಗುತ್ತೆ,” ಎಂದ. ಹಾರಿಕೊಂಡು ಹೋಗುವ ಆಸೆ ನನಗಿರಲಿಲ್ಲ. ತಿರುವಿನಲ್ಲಿ ನಿಲ್ಲದಿದ್ದರೆ ಸಾಕಿತ್ತು. ಲಕ್ಷ ರೂಪಾಯಿ ಜಾಸ್ತಿ ಕೊಡುವ ವಸ್ತು ಏನು ಮಾಡುತ್ತದೆ ಎಂದು ತಿಳಿಯದೆ ಕೊಡಲು ಮನಸ್ಸು ಒಪ್ಪಲಿಲ್ಲ. ಯೋಚಿಸಿ ಹೇಳುತ್ತೇವೆ ಎಂದು ಎದ್ದುಬಂದೆವು.

ಮರುದಿನ ಶಾಲೆಯ ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಮೇಡಂ ಅವರನ್ನು ಹಿಡಿದುಕೊಂಡೆ. ಅವರು ಚೆನ್ನಾಗಿ ಪಾಠ ಮಾಡುವವರು, ಸಮಾಜ ವಿಜ್ಞಾನದವರಿಗೂ ತಿಳಿಯುವಂತೆ. ಹೇಳಿದರು: “ಎಂಜಿನ್ ಅಂದರೆ ಒಲೆ. ಪೆಟ್ರೋಲು ಸೌದೆ. ಸೌದೆ ಎಷ್ಟು ಬೇಕಾದರೂ ತುರುಕಬಹುದು, ಗಾಳಿ ಸಾಲದಿದ್ದರೆ ಹೊಗೆಯೇ ಹೊರತು ಬೆಂಕಿಯಿಲ್ಲ. ಒಂದು ಗ್ರಾಂ ಪೆಟ್ರೋಲು ಸರಿಯಾಗಿ ಉರಿಯಬೇಕಾದರೆ ಹದಿನಾಲ್ಕೂವರೆ ಗ್ರಾಮಿಗೂ ಮಿಕ್ಕಿ ಗಾಳಿ ಬೇಕು.” ನಾನು ಮನೆಗೆ ಬಂದು ಲೆಕ್ಕ ಹಾಕಿದೆ. ಒಂದು ಲೀಟರ್ ಪೆಟ್ರೋಲಿಗೆ ಸುಮಾರು ಹನ್ನೊಂದು ಕಿಲೋ ಗಾಳಿ, ಅಂದರೆ ಹೆಚ್ಚು ಕಡಿಮೆ 9000 ಲೀಟರ್! ನಾವು ಪೆಟ್ರೋಲಿಗೆ ದುಡ್ಡು ಕೊಡುತ್ತೇವೆ, ಆದ್ದರಿಂದ ಅದನ್ನೇ ಲೆಕ್ಕ ಇಡುತ್ತೇವೆ. ಪುಕ್ಕಟೆ ಬರುವ ಗಾಳಿಯನ್ನು ಯಾರೂ ಲೆಕ್ಕ ಇಡುವುದಿಲ್ಲ. ಮನೆಯಲ್ಲಿ ಹೆಂಗಸರ ದುಡಿಮೆಯೂ ಹಾಗೆಯೇ ಅಲ್ಲವೇ?

ಇರಲಿ. ಟರ್ಬೊ ಇಲ್ಲದ ಎಂಜಿನ್ ತನ್ನ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಸಿಲಿಂಡರಿನೊಳಗೆ ಪಿಸ್ಟನ್ ಕೆಳಗಿಳಿದಾಗ ಜಾಗ ಖಾಲಿಯಾಗುತ್ತದೆ, ಹೊರಗಿನ ವಾತಾವರಣದ ಒತ್ತಡ ಗಾಳಿಯನ್ನು ಒಳಕ್ಕೆ ನೂಕುತ್ತದೆ. ನಮ್ಮ ಎದೆಗೂಡು ಹಿಗ್ಗಿದಾಗ ಶ್ವಾಸಕೋಶಕ್ಕೆ ಗಾಳಿ ನುಗ್ಗುವುದೂ ಹೀಗೆಯೇ. ಇದನ್ನು ಸಹಜ ಉಸಿರಿನ ಎಂಜಿನ್ ಎಂದು ಕರೆಯೋಣ. 1.2 ಲೀಟರಿನ ಎಂಜಿನ್ ಎಂದರೆ ಎರಡು ಸುತ್ತಿಗೆ ಹೆಚ್ಚೆಂದರೆ 1.2 ಲೀಟರ್ ಗಾಳಿ. ನಿಮಿಷಕ್ಕೆ 3000 ಸುತ್ತು ತಿರುಗುವಾಗ ಕಾಲನ್ನು ಪೂರ್ತಿ ಅದುಮಿದರೆ ಸುಮಾರು 1800 ಲೀಟರ್. ಸುಮ್ಮನೆ ಕುಳಿತ ಮನುಷ್ಯನಿಗೆ ನಿಮಿಷಕ್ಕೆ ಆರೇಳು ಲೀಟರ್ ಸಾಕು. ಹೆಚ್ಚು ಶಕ್ತಿ ಬೇಕೆಂದರೆ ಈ ಎಂಜಿನ್ನಿಗೆ ಎರಡೇ ದಾರಿ: ದೊಡ್ಡ ಎದೆಗೂಡು, ಇಲ್ಲವೇ ಬೇಗ ಬೇಗ ಉಸಿರು. ಘಾಟಿಯಲ್ಲಿ ಕೆಳಗಿನ ಗೇರಿಗೆ ಹಾಕಿದಾಗ ಅದು ಕೂಗಿಕೊಳ್ಳುವುದು ಇದೇ ಕಾರಣಕ್ಕೆ.

ಟರ್ಬೊ ಎಂದರೆ ಊದುಗೊಳವೆ. ನಮ್ಮಲ್ಲಿ ಐವತ್ತು ದಾಟಿದ ಯಾವ ಹೆಂಗಸಿಗೂ ಅದನ್ನು ವಿವರಿಸಬೇಕಿಲ್ಲ. ಹಸಿ ಸೌದೆ ಹೊಗೆಯಾಡುವಾಗ ಕೊಳವೆ ಹಿಡಿದು ಎರಡು ಸಲ ಊದಿದರೆ ಕೆಂಡ ಕೆಂಪಾಗಿ ಭಗ್ಗನೆ ಉರಿಯುತ್ತದೆ. ಒಲೆ ಅದೇ, ಸೌದೆ ಅದೇ, ಗಾಳಿ ಮಾತ್ರ ಹೆಚ್ಚು. ಇಲ್ಲಿ ಊದುವವರು ಯಾರು ಎಂಬುದೇ ಸ್ವಾರಸ್ಯ. ಎಂಜಿನ್ನಿನಿಂದ ಹೊರಗೆ ಹೋಗುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊಸ ಗಾಳಿಯನ್ನು ಒತ್ತಿ ಒಳಗೆ ನೂಕುತ್ತದೆ. ಒಲೆಯ ಹೊಗೆಯೇ ತಿದಿಯನ್ನು ಒತ್ತಿದ ಹಾಗೆ! ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಆ ಚಕ್ರಗಳು ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತವಂತೆ. ನಮ್ಮ ಮಿಕ್ಸಿಯನ್ನು ಅದರ ಮುಂದೆ ನಿಲ್ಲಿಸಲು ನಾಚಿಕೆಯಾಗಬೇಕು.

ಇದನ್ನು ಕಂಡುಹಿಡಿದವನು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಎಂಜಿನಿಯರು. 1905ರಲ್ಲೇ ಹಕ್ಕುಪತ್ರ ಪಡೆದ. ಸುಟ್ಟ ಇಂಧನದ ಶಾಖದಲ್ಲಿ ಒಂದು ದೊಡ್ಡ ಪಾಲು ಹೊಗೆಯ ಜೊತೆ ವ್ಯರ್ಥವಾಗಿ ಹೋಗುವುದು ಅವನಿಗೆ ಸಹಿಸಲಿಲ್ಲ. ಅನ್ನ ಬಸಿದ ಗಂಜಿಯನ್ನು ಚೆಲ್ಲಲು ಮನಸ್ಸು ಬಾರದ ಗೃಹಿಣಿಯ ಬುದ್ಧಿ ಅದು. ಆದರೆ ಅದನ್ನು ಸರಿಯಾಗಿ ನಡೆಸಿ ತೋರಿಸಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. 1925ರ ಹೊತ್ತಿಗೆ ಡೀಸೆಲ್ ಎಂಜಿನ್ನಿನಲ್ಲಿ ನೂರಕ್ಕೆ 40ರಷ್ಟು ಹೆಚ್ಚು ಶಕ್ತಿ ತೆಗೆದ. ನಡುವೆ 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬವನು ಒಂದು ವಿಮಾನದ ಎಂಜಿನ್ನನ್ನು 4300 ಮೀಟರ್ ಎತ್ತರದ ಪೈಕ್ಸ್ ಪೀಕ್ ಬೆಟ್ಟದ ತುದಿಗೆ ಸಾಗಿಸಿ ಪರೀಕ್ಷೆ ಮಾಡಿದ. ಎತ್ತರದಲ್ಲಿ ಗಾಳಿ ತೆಳು, ಬರಿಯ ಎಂಜಿನ್ ಅಲ್ಲಿ ಸೊರಗುತ್ತದೆ. ಟರ್ಬೊ ಕಟ್ಟಿದ ಮೇಲೆ ಅದೇ ಎಂಜಿನ್ ಸಮುದ್ರಮಟ್ಟದಲ್ಲಿ ಕೊಡುವಷ್ಟೇ ಶಕ್ತಿಯನ್ನು ಬೆಟ್ಟದ ಮೇಲೂ ಕೊಟ್ಟಿತು.

ಇದನ್ನು ಓದಿದಾಗ, ಘಾಟಿ ಹತ್ತುವ ನನಗೆ ಟರ್ಬೊನೇ ಸರಿ ಎನಿಸಿತು. ಮೇಡಂ ತಿದ್ದಿದರು. “ಲಡಾಖಿನ ಖಾರ್ದುಂಗ್ ಲಾ 5300 ಮೀಟರಿಗೂ ಎತ್ತರ, ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧ. 2240 ಮೀಟರಿನ ಊಟಿಯಲ್ಲಿ ಗಾಳಿ ಸುಮಾರು ಐದನೆಯ ಒಂದು ಪಾಲು ತೆಳು. ಆಗುಂಬೆ ಸಾವಿರ ಮೀಟರ್ ಕೂಡ ಇಲ್ಲ. ನಿಮ್ಮ ಕಷ್ಟ ಎತ್ತರದ್ದಲ್ಲ, ಏರಿನದು,” ಎಂದರು. ಎತ್ತರ ಬೇರೆ, ಏರು ಬೇರೆ. ಪಾಠದಲ್ಲಿ ಭೂಪಟ ತೋರಿಸುವ ನನಗೂ ಇದು ಹೊಳೆದಿರಲಿಲ್ಲ.

ಹಾಗಾದರೆ ಊದುಗೊಳವೆಗೆ ತಕರಾರೇನು? ಅದಕ್ಕೂ ಅದರದೇ ಬಾಧೆಗಳಿವೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ಮುಟ್ಟಿ ನೋಡಿದ್ದೀರಲ್ಲ? ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಬಿಸಿ ಗಾಳಿ ಪೆಟ್ರೋಲನ್ನು ಹೊತ್ತಿಗೆ ಮೊದಲೇ ಹೊತ್ತಿಸಿದರೆ ಎಂಜಿನ್ ಒಳಗೇ ಕುಟ್ಟಿದ ಶಬ್ದ ಬಂದು ಹಾಳಾಗುತ್ತದೆ. ಆದ್ದರಿಂದ ಗಾಳಿಯನ್ನು ತಣಿಸಲು ಒಂದು ಜಾಲರಿಯ ಪೆಟ್ಟಿಗೆ ಬೇಕು. ಕೆಂಪಗೆ ಕಾಯುವ ಚಕ್ರದ ಅಚ್ಚಿಗೆ ಸದಾ ಒಳ್ಳೆಯ ಎಣ್ಣೆ ಬೇಕು. ಎಣ್ಣೆ ಹಳೆಯದಾಗಿ ಕರಕಾದರೆ ಮೊದಲು ಕೊರಗುವುದು ಟರ್ಬೊನೇ. ಘಾಟಿ ಹತ್ತಿದ ಕೂಡಲೇ ಎಂಜಿನ್ ಆರಿಸಬಾರದು, ಒಂದು ನಿಮಿಷ ಸುಮ್ಮನೆ ಓಡಲು ಬಿಟ್ಟು ತಣಿಸಿ ಆರಿಸಬೇಕು.

ಹಿಂದಿನವರು ಇದರಿಂದ ಪಟ್ಟ ಪಾಡು ಸಾಕಷ್ಟಿದೆ. 1962ರಲ್ಲಿ ಅಮೆರಿಕದಲ್ಲಿ ಓಲ್ಡ್ಸ್‌ಮೊಬೈಲ್ ಕಂಪೆನಿಯವರು ಜೆಟ್‌ಫೈರ್ ಎಂಬ ಟರ್ಬೊ ಕಾರನ್ನು ಜನರಿಗೆ ಮಾರಿದರು. ಒಳಗಿನ ಗಾಳಿ ಕಾಯದಂತೆ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಒಂದು ಬುಡ್ಡಿಯಲ್ಲಿ ತುಂಬಿಸಿಡಬೇಕಿತ್ತು. ಜನರಿಗೆ ಅದು ಮರೆತುಹೋಗುತ್ತಿತ್ತು. ಎರಡನೆಯ ವರ್ಷಕ್ಕೇ ಆ ಕಾರು ನಿಂತಿತು. ಆಮೇಲೆ ಬೇಡವೆಂದವರಿಗೆ ಕಂಪೆನಿಯೇ ಟರ್ಬೊ ಕಳಚಿ ಕೊಟ್ಟಿತು. 1977ರಲ್ಲಿ ಫ್ರಾನ್ಸಿನ ರೆನೊ ಕಂಪೆನಿ ಫಾರ್ಮುಲಾ ಒನ್ ಪಂದ್ಯಕ್ಕೆ ಹಳದಿ ಬಣ್ಣದ ಟರ್ಬೊ ಕಾರನ್ನು ಇಳಿಸಿತು. ಅದು ಮೇಲಿಂದ ಮೇಲೆ ಕೆಟ್ಟು ಬಿಳಿ ಹೊಗೆ ಕಾರುತ್ತಿದ್ದುದನ್ನು ನೋಡಿ ಉಳಿದವರು ‘ಹಳದಿ ಟೀ ಪಾತ್ರೆ’ ಎಂದು ನಗಾಡಿದರಂತೆ. ಎರಡೇ ವರ್ಷದಲ್ಲಿ, 1979ರ ಫ್ರಾನ್ಸ್ ಪಂದ್ಯದಲ್ಲಿ ಆ ಕಂಪೆನಿಯ ಟರ್ಬೊ ಕಾರೇ ಗೆದ್ದಿತು. ಮುಂದೆ ಎಲ್ಲರೂ ಟರ್ಬೊ ಕಟ್ಟಿಕೊಂಡರು. ಶಕ್ತಿ ಮಿತಿಮೀರಿ 1989ರಲ್ಲಿ ಅದನ್ನು ನಿಷೇಧಿಸಬೇಕಾಯಿತು, 2014ರಲ್ಲಿ ಮತ್ತೆ ಕರೆತಂದರು. ಟೀ ಪಾತ್ರೆಗೂ ಒಂದು ಕಾಲ ಬರುತ್ತದೆ.

ನಮ್ಮ ದೇಶದಲ್ಲಿ ಸಣ್ಣ ಕಾರಿಗೆ ಟರ್ಬೊ ಬಂದುದಕ್ಕೆ ತೆರಿಗೆಯ ಕಾರಣವೂ ಇದೆ. ಇದು ಮಾತ್ರ ನನ್ನ ವಿಷಯ, ಸ್ವಲ್ಪ ಧೈರ್ಯವಾಗಿ ಹೇಳಬಹುದು. 2006ರ ಬಜೆಟ್ಟಿನಲ್ಲಿ ನಾಲ್ಕು ಮೀಟರ್ ಉದ್ದ ಮೀರದ, ಪೆಟ್ರೋಲ್ ಎಂಜಿನ್ 1200 ಸಿ.ಸಿ. ದಾಟದ ಕಾರನ್ನು ಸಣ್ಣ ಕಾರೆಂದು ಕರೆದು ಅಬಕಾರಿ ಸುಂಕ ಇಳಿಸಿದರು. ಆ ಗೆರೆ 2017ರಲ್ಲಿ ಜಿ.ಎಸ್.ಟಿ. ಬಂದಾಗಲೂ, 2025ರ ಸೆಪ್ಟೆಂಬರಿನಲ್ಲಿ ತೆರಿಗೆ ಬದಲಾದಾಗಲೂ ಹಾಗೆಯೇ ಉಳಿಯಿತು. ಎದೆಗೂಡನ್ನು ದೊಡ್ಡದು ಮಾಡಿದರೆ ತೆರಿಗೆ ಹೆಚ್ಚು, ಆದ್ದರಿಂದ ಸಣ್ಣ ಎದೆಗೆ ಊದುಗೊಳವೆ ಕಟ್ಟಿದರು. ಒಂದು ಉದಾಹರಣೆ ಕೊಡುತ್ತೇನೆ, ನಾನು ಕೊಂಡದ್ದು ಇದೇ ಎಂದು ತಿಳಿಯಬೇಡಿ. 2023ರಲ್ಲಿ ಬಂದ ಮಾರುತಿ ಫ್ರಾಂಕ್ಸ್ ಕಾರಿನಲ್ಲಿ 1.2 ಲೀಟರಿನ ಸಹಜ ಉಸಿರಿನ ಎಂಜಿನ್ನೂ ಇತ್ತು, 1 ಲೀಟರಿನ ಟರ್ಬೊ ಕೂಡ ಇತ್ತು. ಎಳೆಯುವ ಬಲದ ಅಳತೆಯಲ್ಲಿ ಮೊದಲನೆಯದು 113, ಅದೂ 4400 ಸುತ್ತಿನಲ್ಲಿ. ಚಿಕ್ಕದಾದ ಎರಡನೆಯದು 147ಕ್ಕೂ ಹೆಚ್ಚು, ಅದೂ 2000 ಸುತ್ತಿಗೇ. ಕಂಪೆನಿ ಹೇಳಿದ ಮೈಲೇಜು ಎರಡಕ್ಕೂ ಇಪ್ಪತ್ತೊಂದರ ಮೇಲೆ, ಹೆಚ್ಚು ವ್ಯತ್ಯಾಸವಿಲ್ಲ. ಕಾಗದದ ಮೇಲೆ ನೋಡಿದರೆ ಟರ್ಬೊ ಗೆದ್ದಾಯಿತು.

ಸಲಹೆಗಾರರಿಗೆ ಕೊರತೆಯಿರಲಿಲ್ಲ. ಬೆಂಗಳೂರಿನಲ್ಲಿರುವ ಅಕ್ಕನ ಮಗಳು ಪ್ರತಿ ತಿಂಗಳು ಶಿವಮೊಗ್ಗಕ್ಕೆ ಹೆದ್ದಾರಿಯಲ್ಲಿ ತಾನೇ ಓಡಿಸಿಕೊಂಡು ಬರುವವಳು, ಟರ್ಬೊ ಕೊಂಡಿದ್ದಳು. “ಲಾರಿ ದಾಟುವಾಗ ಎದುರಿನಿಂದ ಬಸ್ ಬರುತ್ತಾ ಇರುತ್ತೆ ಚಿಕ್ಕಮ್ಮ, ಆಗ ಗೊತ್ತಾಗುತ್ತೆ ಟರ್ಬೊ ಯಾಕೆ ಬೇಕು ಅಂತ,” ಎಂದಳು. ಅದು ನಿಜ. ಎದುರಿನ ಬದಿಯಲ್ಲಿ ಕಳೆಯುವ ಎರಡು ಕ್ಷಣ ಕಡಿಮೆಯಾದರೆ ಜೀವಕ್ಕೇ ಲಾಭ. ನಮ್ಮ ಊರಿನ ಮೆಕ್ಯಾನಿಕ್ ಸಾಹೇಬರು ಮಾತ್ರ ತಲೆ ಕೆರೆದುಕೊಂಡು, “ಅಮ್ಮಾ, ಆ ಗಾಡಿ ಒಳ್ಳೇದೇ. ಟರ್ಬೊ ಹೋದರೆ ನಾನು ಇಲ್ಲಿ ರಿಪೇರಿ ಮಾಡೋಕೆ ಆಗಲ್ಲ, ಶಿವಮೊಗ್ಗಕ್ಕೆ ಕಳಿಸಬೇಕು,” ಎಂದರು. ಮೈದುನ, “ಹೆಂಗಸರಿಗೆ ಅಷ್ಟೊಂದು ಪವರ್ ಯಾಕೆ?” ಎಂದ. ಆ ಮಾತಿಗೇ ಟರ್ಬೊ ಕೊಂಡುಬಿಡಬೇಕು ಎನಿಸಿತು. ಆದರೆ ಹಠಕ್ಕೆ ಕೊಂಡ ವಸ್ತುವಿನ ಕಂತನ್ನು ಹಠ ಕಟ್ಟುವುದಿಲ್ಲ.

ಈ ಚರ್ಚೆಯೆಲ್ಲ ನಡೆಯುತ್ತಿದ್ದಾಗ ಮನೆಯಲ್ಲಿ ಇನ್ನೊಂದು ಉಸಿರಿನ ತಕರಾರು ನಡೆದಿತ್ತು. ಅಮ್ಮ ಹದಿನಾರನೆಯ ವಯಸ್ಸಿಗೆ ಮದುವೆಯಾಗಿ ಹದಿನೆಂಟು ಜನರ ಮನೆಗೆ ಬಂದವಳು. ಬೆಳಗಿನ ಬಚ್ಚಲ ಒಲೆಯಿಂದ ರಾತ್ರಿಯ ಹಾಲಿನ ಒಲೆಯವರೆಗೆ ಊದುಗೊಳವೆ ಅವಳ ಕೈ ಬಿಟ್ಟದ್ದಿಲ್ಲ. ಮಲೆನಾಡಿನ ಮಳೆಗಾಲದ ಸೌದೆ ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ಎಂಬತ್ತರ ದಶಕದಲ್ಲಿ ಊರೂರಿಗೆ ಬಂತು. ಹೊಗೆ ಕೊಳವೆಯಲ್ಲಿ ಹೊರಗೆ ಹೋಗುವಂಥದು. ನಮ್ಮ ಮನೆಗೂ ಬಂತು. ಅಷ್ಟರಲ್ಲಿ ಅಮ್ಮ ಇಪ್ಪತ್ತೈದು ವರ್ಷದ ಹೊಗೆ ಕುಡಿದಾಗಿತ್ತು. ಬೀಡಿ ಸಿಗರೇಟು ಮುಟ್ಟದವಳಿಗೆ, ಸೇದುವವರಿಗೆ ಬರುವ ಕಾಯಿಲೆ. “ಈ ಕಡೆಯ ಹೆಂಗಸರಲ್ಲಿ ಇದನ್ನು ನೋಡುತ್ತಲೇ ಇರುತ್ತೇವೆ,” ಎಂದರು ವೈದ್ಯರು. ಬೇರೆಯವರ ಬೆಂಕಿಗೆ ಗಾಳಿ ಊದಿದವಳಿಗೆ ಈಗ ತನ್ನ ಗಾಳಿಯೇ ಸಾಲದು.

ವೈದ್ಯರು ಬರೆದುಕೊಟ್ಟದ್ದು ಆಮ್ಲಜನಕದ ಯಂತ್ರ. ಕೋಣೆಯ ಗಾಳಿಯನ್ನೇ ಎಳೆದು, ಅದರಲ್ಲಿನ ಸಾರಜನಕವನ್ನು ಸೋಸಿ, ಆಮ್ಲಜನಕವನ್ನು ಮೂಗಿಗೆ ಕೊಡುವಂಥದು. ದಿನಕ್ಕೆ ಕನಿಷ್ಠ ಹದಿನೈದು ಗಂಟೆ ಹಾಕಿಕೊಂಡಿರಬೇಕು ಎಂದಿದ್ದರು. ಅಮ್ಮ ಒಪ್ಪಲಿಲ್ಲ. “ಇಷ್ಟು ದಿನ ನನ್ನ ಉಸಿರು ನಾನೇ ಎಳೆದುಕೊಂಡಿದೀನಿ. ಇನ್ನೂ ನಾನೇ ಎಳೆದುಕೊಳ್ತೀನಿ. ಕರೆಂಟಿನ ಉಸಿರು ನನಗೆ ಬೇಡ,” ಎಂದು ಗೋಡೆಗೆ ಮುಖ ಮಾಡಿ ಮಲಗಿದಳು. ನಾನು ಹಗಲು ಹೊತ್ತು ಕಾರಿನ ವಿಷಯಕ್ಕೆ ಸಹಜ ಉಸಿರೋ ಒತ್ತಿದ ಉಸಿರೋ ಎಂದು ಲೆಕ್ಕ ಹಾಕುವುದು, ರಾತ್ರಿ ಅಮ್ಮನ ಮಂಚದ ಪಕ್ಕ ಅದೇ ವಾದ. ನಗು ಬರಬೇಕಾದ ಸಂಗತಿ, ಬರಲಿಲ್ಲ. ಮೂಗಿಗೆ ಕೊಳವೆ ಹಾಕಿಕೊಂಡರೆ ತಾನು ಮುಗಿದೆ ಎಂಬುದು ಅವಳ ಭಯ. ಹಾಕಿಕೊಳ್ಳದಿದ್ದರೆ ಎಂಬುದು ನನ್ನದು.

ಕಾರಿನದನ್ನಾದರೂ ತೀರ್ಮಾನ ಮಾಡೋಣವೆಂದು ಒಂದು ಭಾನುವಾರ ಅಂಗಡಿಗೆ ಹೋಗಿ, ಎರಡೂ ಗಾಡಿಯನ್ನು ಏರಿನಲ್ಲಿ ಓಡಿಸಿ ನೋಡಬೇಕು ಎಂದೆ. ಹುಡುಗ, “ಇಲ್ಲೇ ಒಂದು ರೌಂಡ್ ಹಾಕಿ ಮೇಡಂ,” ಎಂದ. ಸಮತಟ್ಟಿನ ರಸ್ತೆಯಲ್ಲಿ ಯಾವ ಕಾರು ಓಡುವುದಿಲ್ಲ? ನಾನು ಬಿಡಲಿಲ್ಲ. ಜೊತೆಗೆ ಯಜಮಾನರು, ತಂಗಿ, ಮತ್ತು ಅಮ್ಮನ ತೂಕಕ್ಕೆ ಸರಿಯಾಗಿ ಇಪ್ಪತ್ತೈದು ಕಿಲೋದ ಎರಡು ಅಕ್ಕಿ ಚೀಲ. ಚೀಲಗಳನ್ನು ಹಿಂದಿನ ಸೀಟಿಗೆ ಹೊರುವಾಗ ಹುಡುಗನ ಮುಖ ನೋಡುವ ಹಾಗಿತ್ತು. ಆದರೆ ಅಂದಿನಿಂದ ಅವನು ನನ್ನ ಮುಖ ನೋಡಿ ಮಾತಾಡತೊಡಗಿದ. ಅದಕ್ಕೆ ಅಕ್ಕಿಯೇ ಕಾರಣ.

ಹತ್ತಿರದ ಕಡಿದಾದ ಏರಿಗೆ ಹೋದೆವು. ಟರ್ಬೊ ಕಾರು ನೇರ ಏರಿನಲ್ಲಿ ಮೂರನೆಯ ಗೇರಿನಲ್ಲೇ, ಸದ್ದಿಲ್ಲದೆ, ಬೆನ್ನಿಗೆ ಯಾರೋ ಕೈಕೊಟ್ಟ ಹಾಗೆ ಹತ್ತಿತು. ಸುಳ್ಳು ಹೇಳಬಾರದು, ಬಹಳ ಸೊಗಸಾಗಿತ್ತು. ಹಿಮ್ಮುರಿ ತಿರುವಿನಲ್ಲಿ ಮಾತ್ರ ಬೇರೆ ಅನುಭವ. ಎದುರಿನ ಗಾಡಿಗಾಗಿ ಪೂರ್ತಿ ನಿಧಾನ ಮಾಡಿ ಮತ್ತೆ ಕಾಲು ಒತ್ತಿದರೆ ಒಂದು, ಎರಡು ಎಂದು ಎಣಿಸುವಷ್ಟು ಹೊತ್ತು ಏನೂ ಇಲ್ಲ, ಆಮೇಲೆ ಥಟ್ಟನೆ ನೆಗೆತ. ಊದಬೇಕಾದ ಚಕ್ರ ತಿರುಗಲು ಹೊಗೆ ಬೇಕು, ಹೊಗೆ ಬರಲು ಎಂಜಿನ್ ವೇಗವಾಗಿ ತಿರುಗಬೇಕು. ಅಲ್ಲಿಯವರೆಗೆ ಅದು ಬರಿಯ ಒಂದು ಲೀಟರಿನ ಸಣ್ಣ ಎಂಜಿನ್. ಕೈ ಪಳಗಿದವರು ಗೇರು ಇಳಿಸಿ ಇದನ್ನು ತಪ್ಪಿಸುತ್ತಾರೆ. ಇನ್ನೊಂದು ಕಾರು ಎರಡನೆಯ ಗೇರು, ಕೆಲವು ಕಡೆ ಮೊದಲನೆಯದನ್ನೂ ಕೇಳಿತು, ಜೋರಾಗಿ ಕೂಗಿಕೊಂಡಿತು. ಆದರೆ ಕಾಲು ಎಷ್ಟು ಒತ್ತಿದೆನೋ ಅಷ್ಟು, ಒತ್ತಿದ ಗಳಿಗೆಗೇ ಕೊಟ್ಟಿತು. ಅಕ್ಕಿ ಚೀಲ ಕದಲಲಿಲ್ಲ. ಟರ್ಬೊದ ನೆಗೆತಕ್ಕೆ ಒಂದು ಚೀಲ ಉರುಳಿ ತಂಗಿಯ ಕಾಲ ಮೇಲೆ ಬಿದ್ದಿತ್ತು.

ಆ ರಾತ್ರಿ ಒಂದು ಹಾಳೆಯಲ್ಲಿ ನನ್ನ ಓಡಾಟವನ್ನು ಬರೆದೆ. ವರ್ಷದ ಬಹುಪಾಲು ದಿನ ಶಾಲೆಗೆ ಮೂರು ಕಿಲೋಮೀಟರ್, ಎಣ್ಣೆ ಬಿಸಿಯಾಗುವ ಮೊದಲೇ ಶಾಲೆ ಬಂದುಬಿಡುತ್ತದೆ. ತಿಂಗಳಿಗೊಂದೋ ಎರಡೋ ಸಲ ಘಾಟಿ, ಅಮ್ಮನ ಜೊತೆ, ನಿಧಾನವಾಗಿ. ಹೆದ್ದಾರಿ ವರ್ಷಕ್ಕೆ ನಾಲ್ಕು ದಿನ. ಅರವತ್ತಕ್ಕೆ ನಿವೃತ್ತಿ, ಆಮೇಲೆ ಪಿಂಚಣಿ. ಕೊಂಡ ಕಾರನ್ನು ಹದಿನೈದು ವರ್ಷ ಇಟ್ಟುಕೊಳ್ಳುವುದು ನಮ್ಮ ಮನೆಯ ರೂಢಿ, ಅಂದರೆ ಎಪ್ಪತ್ತರವರೆಗೆ ನನಗೆ ಇದೇ. ಆಗ ಕೆಟ್ಟರೆ ಊರಿನ ಸಾಹೇಬರ ಕೈಗೆ ಎಟುಕುವಂತಿರಬೇಕು. ಹಾಳೆಯ ಕೊನೆಗೆ ಬಂದಾಗ ಉತ್ತರ ತಾನೇ ಇತ್ತು. ಸಹಜ ಉಸಿರಿನದನ್ನೇ ಕೊಂಡೆ. ಉಳಿದ ಲಕ್ಷದಲ್ಲಿ ಅಮ್ಮನ ಯಂತ್ರ ಮತ್ತು ಕರೆಂಟು ಹೋದಾಗ ಅದನ್ನು ನಡೆಸಲು ಒಂದು ಒಳ್ಳೆಯ ಇನ್ವರ್ಟರ್ ಬಂದವು.

ಯಂತ್ರ ಬಂದ ಮೇಲೂ ಅಮ್ಮ ವಾರವಿಡೀ ಅದರತ್ತ ತಿರುಗಿ ನೋಡಲಿಲ್ಲ. ಒಂದು ಸಂಜೆ ನಾನು ಅವಳ ಹತ್ತಿರ ಕೂತು, ಬುದ್ಧಿ ಹೇಳುವುದು ಬಿಟ್ಟು, ಊದುಗೊಳವೆಯ ಕಾರಿನ ಕಥೆ ಹೇಳಿದೆ. ಒಳಗಿನ ಬೆಂಕಿ ಕಾರಿನದೇ, ಚಕ್ರ ತಿರುಗಿಸುವುದೂ ಅದೇ, ಗಾಳಿ ಮಾತ್ರ ಸ್ವಲ್ಪ ಕೈಕೊಟ್ಟು ನೂಕುವುದು ಎಂದೆ. ಅಮ್ಮ ಸುಮ್ಮನೆ ಕೇಳಿದಳು. ಬಹಳ ಹೊತ್ತಿನ ಮೇಲೆ, “ನೀನು ಮಾತ್ರ ಊದುಗೊಳವೆ ಇಲ್ಲದ್ದನ್ನೇ ತಂದೆಯಲ್ಲ,” ಎಂದಳು. ಎಂಬತ್ತೆರಡರ ಬುದ್ಧಿ ನೋಡಿ! “ಅದಕ್ಕೆ ಶ್ವಾಸಕೋಶ ಹೊಸದು ಅಮ್ಮ, ಹೊರುವುದೂ ನಮ್ಮಷ್ಟನ್ನೇ,” ಎಂದೆ. “ನನ್ನದು ಹಳೇದು, ಹೊತ್ತದ್ದೂ ಜಾಸ್ತಿ,” ಎಂದು ಅವಳೇ ಮುಗಿಸಿ, ಕೊಳವೆಯನ್ನು ತೆಗೆದು ಮೂಗಿಗೆ ಸಿಕ್ಕಿಸಿಕೊಂಡಳು. ಮೊದಲ ದಿನ ಒಂದು ಗಂಟೆ. ತಿಂಗಳೊಳಗೆ ವೈದ್ಯರು ಹೇಳಿದ ಹದಿನೈದು ಗಂಟೆ. ಈಗ ಧಾರಾವಾಹಿ ನೋಡುವಾಗ ಯಂತ್ರದ ಸದ್ದು ಅಡ್ಡಿಯಾಗುತ್ತದೆ ಎಂಬುದೊಂದೇ ಅವಳ ದೂರು.

ಅಕ್ಕನ ಮಗಳ ಟರ್ಬೊ ಹೆದ್ದಾರಿಯಲ್ಲಿ ಚೆನ್ನಾಗಿಯೇ ಓಡುತ್ತಿದೆ, ಅವಳಿಗೆ ಅದೇ ಸರಿ. ಓದುವ ನಿಮ್ಮಲ್ಲಿ ಯಾರಾದರೂ ಕಾರು ಕೊಳ್ಳುವವರಿದ್ದರೆ ಅಂಗಡಿಗೆ ಹೋಗುವ ಮೊದಲು ಒಂದು ಹಾಳೆ ತೆಗೆದು ಬರೆಯಿರಿ: ದಿನಕ್ಕೆ ಎಷ್ಟು ದೂರ, ಎಂಥ ರಸ್ತೆ, ಎಷ್ಟು ಜನ, ಎಷ್ಟು ವರ್ಷ, ಕೆಟ್ಟರೆ ರಿಪೇರಿ ಯಾರು. ಹೆದ್ದಾರಿಯ ಓಡಾಟ ಹೆಚ್ಚಿದ್ದು, ಎಣ್ಣೆಯನ್ನು ಹೊತ್ತಿಗೆ ಸರಿಯಾಗಿ ಬದಲಿಸುವ ಶಿಸ್ತು ಇದ್ದರೆ ಟರ್ಬೊಗೆ ಹೆದರಬೇಕಿಲ್ಲ. ಊರೊಳಗಿನ ಗಿಡ್ಡ ಓಡಾಟವೇ ಹೆಚ್ಚಾದರೆ ಜಾಸ್ತಿ ದುಡ್ಡು ಕೊಡುವ ಮೊದಲು ಎರಡು ಸಲ ಯೋಚಿಸಿ. ಓಡಿಸಿ ನೋಡುವಾಗ ನಿಮ್ಮ ರಸ್ತೆಯಲ್ಲೇ ನೋಡಿ, ನಿಮ್ಮ ಮನೆಯ ಭಾರವನ್ನೇ ಹೇರಿ. ಅಕ್ಕಿ ಚೀಲ ತೆಗೆದುಕೊಂಡು ಹೋಗಲು ಸಂಕೋಚ ಬೇಡ. ಮನೆಗೆ ತಂದ ಮೇಲೆ ಅದನ್ನು ಹೇಗೂ ಬಳಸಬಹುದು.